ತಪ್ಪು ಮಾಡೋಕೊಂದು ಜಾಗ

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಫೈರ್ ಡ್ರಿಲ್ ಇರುತ್ತೆ. ಸೈರನ್ ಹೊಡೆದುಕೊಳ್ಳುತ್ತೆ, ಎಲ್ಲರೂ ಮೆಟ್ಟಿಲಿಳಿದು ಪಾರ್ಕಿಂಗಿಗೆ ಬಂದು, ಹರಟೆ ಹೊಡೆದು, ಮತ್ತೆ ಲಿಫ್ಟ್ ಹತ್ತುತ್ತೇವೆ. ಒಂದು ವರ್ಷ ಅದರ ಜೊತೆ ಸಿಪಿಆರ್ ತರಬೇತಿಯನ್ನೂ ಸೇರಿಸಿದ್ದರು. ಕೆಫೆಟೇರಿಯಾದ ಟೇಬಲ್ ಸರಿಸಿ, ನೆಲದ ಮೇಲೆ ಸೊಂಟದಿಂದ ಮೇಲಷ್ಟೇ ಇರುವ ಒಂದು ಬೊಂಬೆ ಮಲಗಿಸಿದ್ದರು. ಕಣ್ಣು ಮುಚ್ಚಿದ ಹುಡುಗಿಯ ಮುಖ, ತುಟಿಯಲ್ಲಿ ಚೂರು ನಗು. ಒಬ್ಬೊಬ್ಬರಿಗೆ ಅರ್ಧ ನಿಮಿಷ. ನಾನು ಎದೆ ಒತ್ತಿದೆ, ಬೊಂಬೆ ಕ್ಲಿಕ್ ಕ್ಲಿಕ್ ಅಂತು, ಟ್ರೈನರ್ ‘ಗುಡ್’ ಅಂದರು, ಗೆಳೆಯನೊಬ್ಬ ಫೋಟೋ ತೆಗೆದ. ಅದನ್ನು ಸ್ಟೇಟಸ್‌ಗೆ ಹಾಕಿ ‘ನಮ್ಮ ಪ್ರಾಜೆಕ್ಟ್‌ಗೆ ಜೀವ ಕೊಡ್ತಿದೀನಿ’ ಅಂತ ಬರೆದುಕೊಂಡಿದ್ದೆ.

ಅದಾಗಿ ಒಂದು ವರ್ಷದ ಮೇಲೆ, ತಿಪಟೂರಿನ ಹತ್ತಿರದ ಒಂದು ಛತ್ರದಲ್ಲಿ ನಮ್ಮ ಮನೆಯ ಬೀಗರ ಊಟ. ಉಂಡು ಕೈ ತೊಳೆಯೋಕೆ ಹೋದ ಚಿಕ್ಕಪ್ಪ ನಲ್ಲಿ ಹತ್ತಿರವೇ ಕುಸಿದು ಬಿದ್ದರು. ಓಡಿ ಹೋದವರಲ್ಲಿ ನಾನೂ ಒಬ್ಬ. ಉಸಿರಿಲ್ಲ, ಕರೆದರೆ ಓಗೊಡ್ತಿಲ್ಲ. ಮಂಡಿಯೂರಿ ಎದೆ ಮೇಲೆ ಕೈಯಿಟ್ಟು ಒತ್ತೋಕೆ ಶುರು ಮಾಡಿದೆ. ಆರೋ ಏಳೋ ಸಲ ಒತ್ತಿರಬೇಕು. ಹಿಂದಿನಿಂದ ದೊಡ್ಡ ಮಾವನ ದನಿ ಬಂತು: "ಏಯ್, ಎದೆ ಒತ್ತಬೇಡ ಕಣೋ, ಮೂಳೆ ಮುರಿದೋಯ್ತದೆ!" ನಾನು ಕೈ ತೆಗೆದೆ.

ಆಮೇಲೆ ಯಾರೋ ನೀರು ಚಿಮುಕಿಸಿದರು. ಯಾರೋ ಈರುಳ್ಳಿ ಜಜ್ಜಿ ಮೂಗಿನ ಹತ್ತಿರ ಹಿಡಿದರು. ಇನ್ಯಾರೋ ಕೈಗೆ ಬೀಗದ ಕೈ ಕೊಟ್ಟರು. ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಒತ್ತಿದ್ದರೂ ಉಳಿಯುತ್ತಿದ್ದರು ಅಂತ ಹೇಳೋಕಾಗಲ್ಲ ಅಂತ ಡಾಕ್ಟರು ಅಂದರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ತಿಥಿ ಮುಗಿಸಿ ಬೆಂಗಳೂರಿಗೆ ಬಂದವನು ಮೊದಲು ಮಾಡಿದ ಕೆಲಸ ಅಂದರೆ ಫೋನಿನಲ್ಲಿದ್ದ ಆ ಫೋಟೋ ಡಿಲೀಟ್ ಮಾಡಿದ್ದು.

ಈ ವಿಷಯವನ್ನು ಎರಡು ವರ್ಷ ಯಾರ ಹತ್ತಿರವೂ ಮಾತಾಡಿರಲಿಲ್ಲ. ಮಾತಾಡಿಸಿದ್ದು ಅಕ್ಕ, ಅಂದರೆ ದೊಡ್ಡಪ್ಪನ ಮಗಳು. ಅವಳು ಒಂದು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ಒಂದು ಶನಿವಾರ "ನಮ್ಮ ಬೊಂಬೆಮನೆ ನೋಡು ಬಾರೋ" ಅಂತ ಅವರ ಸ್ಕಿಲ್ ಲ್ಯಾಬಿಗೆ ಕರಕೊಂಡು ಹೋದಳು. ಒಂದು ಮೂಲೆಯಲ್ಲಿ ಬರೀ ಕೈಗಳು, ರಕ್ತನಾಳಕ್ಕೆ ಸೂಜಿ ಚುಚ್ಚಿ ಕಲಿಯೋದಕ್ಕೆ. ಇನ್ನೊಂದು ಕಡೆ ಬರೀ ಸೊಂಟದ ಭಾಗ, ಹೆರಿಗೆ ಕಲಿಯೋದಕ್ಕೆ. ಮಂಚದ ಮೇಲೆ ಆಸ್ಪತ್ರೆಯ ಹಸಿರು ಬಟ್ಟೆ ಹೊದ್ದ ಇಡೀ ಮನುಷ್ಯ. ಇದಕ್ಕೆಲ್ಲ ಒಟ್ಟಾರೆ ಸಿಮ್ಯುಲೇಶನ್ ಅಂತಾರೆ ಅಂದಳು.

ಪೇಪರ್‌ನವರು ಇಂಥದ್ದಕ್ಕೆ ‘ಅಣಕು ಪ್ರದರ್ಶನ’ ಅಂತ ಬರೀತಾರೆ. ಆ ಪದದಲ್ಲಿ ಅಣಕಿಸೋದರ ವಾಸನೆ ಇದೆ. ಅಕ್ಕ ಕೊಟ್ಟ ಪದವೇ ಚೆನ್ನಾಗಿದೆ: ತಾಲೀಮು. ನಮ್ಮೂರ ಕಡೆ ಕುರುಕ್ಷೇತ್ರ ನಾಟಕ ಆಡಬೇಕಾದರೆ ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯುತ್ತೆ. ದುರ್ಯೋಧನ ತಾಳ ತಪ್ಪಿದರೆ ಹಾರ್ಮೋನಿಯಂ ಮೇಷ್ಟ್ರು ಬೈದು ಮತ್ತೆ ಮೊದಲಿಂದ ಹಾಡಿಸ್ತಾರೆ. ತಾಲೀಮಿನಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ನಾವು ಸಾಫ್ಟ್‌ವೇರ್‌ನವರು ಸ್ಟೇಜಿಂಗ್ ಸರ್ವರ್ ಅನ್ನೋದೂ ಇದನ್ನೇ. ಕೋಡ್ ಹಾಳಾಗೋದಾದರೆ ಅಲ್ಲಿ ಹಾಳಾಗಲಿ, ಪ್ರೊಡಕ್ಷನ್‌ನಲ್ಲಿ ಬೇಡ. ಮನುಷ್ಯರ ಮೈಗೆ ಇಂಥದ್ದೊಂದು ಸ್ಟೇಜಿಂಗ್ ಸರ್ವರ್ ಯಾವಾಗ ಶುರುವಾಯ್ತು ಅಂತ ಕುತೂಹಲವಾಗಿ ಓದುತ್ತಾ ಹೋದೆ.

*

ಓದುತ್ತಾ ಹೋದರೆ ದಾರಿ ಸೀದಾ ತರಕಾರಿ ಸಂತೆಗೆ ಬಂತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೇ ಅಧ್ಯಾಯ ಇಡೀ ಇದಕ್ಕೇ ಮೀಸಲು. ಶಾಸ್ತ್ರವೆಲ್ಲ ಓದಿಕೊಂಡಿದ್ದರೂ ಕೈ ಪಳಗದವನು ಕೆಲಸಕ್ಕೆ ಬರೋದಿಲ್ಲ ಅಂತ ಅಲ್ಲಿ ಹೇಳಿದೆ. ಆ ಪಳಗಿಸೋದಕ್ಕೆ ಇಟ್ಟ ಹೆಸರು ‘ಯೋಗ್ಯಾ’. ಕೊಯ್ಯೋದನ್ನು ಬೂದುಗುಂಬಳ, ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿ ಮೇಲೆ ಕಲಿಯಬೇಕು. ರಕ್ತನಾಳ ಚುಚ್ಚೋದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆ ದಂಟಿನ ಮೇಲೆ. ಹೊಲಿಗೆಯನ್ನು ದಪ್ಪ ಬಟ್ಟೆ, ಮೆತ್ತನೆ ಚರ್ಮದ ಅಂಚಿನ ಮೇಲೆ. ಒಳಗೆ ಸಿಕ್ಕಿದ್ದನ್ನು ಹೊರಗೆಳೆಯೋದನ್ನು ಹಲಸಿನ ಹಣ್ಣಿನ ತಿರುಳಿನಿಂದ ಬೀಜ ಕಿತ್ತು. ಗಾಯಕ್ಕೆ ಪಟ್ಟಿ ಕಟ್ಟೋದನ್ನು ಮನುಷ್ಯಾಕಾರದ ಬೊಂಬೆಗೆ ಕಟ್ಟಿ.

ಈಗಿನ ಲ್ಯಾಬಿನಲ್ಲಿ ಇದಕ್ಕೆ ಟಾಸ್ಕ್ ಟ್ರೈನರ್ ಅಂತಾರೆ. ಇಡೀ ರೋಗಿ ಬೇಡ, ಆ ಒಂದು ಕೆಲಸಕ್ಕೆ ಬೇಕಾದಷ್ಟು ಭಾಗ ಸಾಕು. ಅಕ್ಕನ ಲ್ಯಾಬಿನ ರಬ್ಬರ್ ಕೈಗೂ ಸುಶ್ರುತನ ತಾವರೆ ದಂಟಿಗೂ ಕೆಲಸ ಒಂದೇ. ‘ನಮ್ಮಲ್ಲಿ ಎಲ್ಲ ಮೊದಲೇ ಇತ್ತು’ ಅಂತ ಎದೆಯುಬ್ಬಿಸೋಕೆ ಇದನ್ನು ಹೇಳ್ತಿಲ್ಲ. ಜೀವ ಇರೋ ಮೈ ಮುಟ್ಟುವ ಮೊದಲು ಜೀವ ಇಲ್ಲದ್ದರ ಮೇಲೆ ಕೈ ಪಳಗಿಸಬೇಕು ಅನ್ನೋ ಯೋಚನೆ ಎಷ್ಟು ಹಳೆಯದು ಅಂತ ತೋರಿಸೋಕಷ್ಟೇ.

ಬಹಳ ಕಾಲ ಹೆಚ್ಚಿನ ಕಡೆ ಕಲಿಕೆ ನಡೆದದ್ದು ಮಾತ್ರ ಬೇರೆ ಥರ. ದೊಡ್ಡವರ ಪಕ್ಕ ನಿಂತು ನೋಡೋದು, ಒಂದು ದಿನ ನೀನೇ ಮಾಡು ಅಂದಾಗ ಮಾಡೋದು. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು ಕಲಿತದ್ದು ಅಜ್ಜಿಯ ಜೊತೆಗಿದ್ದು. ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಮೆರಿಕದ ವೈದ್ಯರಲ್ಲೂ ಒಂದು ಮಾತಿದೆ: ಒಂದನ್ನು ನೋಡು, ಒಂದನ್ನು ಮಾಡು, ಒಂದನ್ನು ಕಲಿಸು. ಒಳ್ಳೆ ಗುರು ಸಿಕ್ಕಿದವರಿಗೆ ಈ ದಾರಿ ಸರಿ. ಆದರೆ ಆ ನಡುವಿನ ‘ಒಂದನ್ನು ಮಾಡು’ ಯಾರ ಮೈ ಮೇಲೆ ಅನ್ನೋದು ಪ್ರಶ್ನೆ. ಹೆಚ್ಚಾಗಿ ಅದು ಪ್ರಶ್ನೆ ಕೇಳೋಕಾಗದ ಬಡವರ ಮೈಯಾಗಿರುತ್ತಿತ್ತು.

*

ಈ ಪ್ರಶ್ನೆಗೆ ಬಟ್ಟೆಯಲ್ಲಿ ಉತ್ತರ ಹೊಲಿದವಳು ಹದಿನೆಂಟನೇ ಶತಮಾನದ ಫ್ರಾನ್ಸಿನ ಸೂಲಗಿತ್ತಿ, ಆಂಜೆಲಿಕ್ ದು ಕುದ್ರೆ. ಹೆಸರಿನಲ್ಲಿ ಕುದುರೆ ಕಂಡರೆ ನಗಬೇಡಿ, ಆಕೆ ನಿಜಕ್ಕೂ ದೇಶವೆಲ್ಲ ಸುತ್ತಿದವಳು. ಹಳ್ಳಿಗಳಲ್ಲಿ ಬಾಣಂತಿಯರು, ಕೂಸುಗಳು ಸಾಯ್ತಿದ್ದರು, ಕಲಿತ ಸೂಲಗಿತ್ತಿಯರು ಸಾಲ್ತಿರಲಿಲ್ಲ. ಹದಿನೈದನೇ ಲೂಯಿ ದೊರೆ 1759ರಲ್ಲಿ ಆಕೆಗೆ ಊರೂರಿಗೆ ಹೋಗಿ ಕಲಿಸುವ ಅಪ್ಪಣೆ ಕೊಟ್ಟ. ಕಲಿಯೋಕೆ ಬರೋರು ಹಳ್ಳಿ ಹೆಂಗಸರು, ಬಹುಪಾಲು ಓದು ಬಾರದವರು. ಪುಸ್ತಕ ಹಿಡಿದು ಪಾಠ ಮಾಡಿದರೆ ಏನು ಉಪಯೋಗ?

ಆಕೆ ಬಟ್ಟೆ, ಚರ್ಮ, ಹತ್ತಿ ಸೇರಿಸಿ ಹೆಣ್ಣಿನ ಹೊಟ್ಟೆ ಮತ್ತು ತೊಡೆಯ ಭಾಗ ಹೊಲಿದಳು. ಒಳಗೆ ಕೂಸು, ಹೊಕ್ಕುಳ ಬಳ್ಳಿ, ಬೇಕಾದರೆ ಅವಳಿ ಕೂಸು. ಆಕೆ ಅದನ್ನು ‘ಯಂತ್ರ’ ಅಂತಲೇ ಕರೀತಿದ್ದಳು. ಕೂಸು ಕಾಲು ಮುಂದಾಗಿ ಬಂದರೆ ಹೇಗೆ ತಿರುಗಿಸಬೇಕು ಅಂತ ಒಬ್ಬೊಬ್ಬಳೂ ಕೈಯಿಟ್ಟು ಮಾಡಿ ಕಲೀಬೇಕು. ಎರಡು ತಿಂಗಳ ಕೋರ್ಸು. ಕಾಲು ಶತಮಾನದಲ್ಲಿ ಸಾವಿರಾರು ಹೆಂಗಸರು ಕಲಿತರು. ಆ ಯಂತ್ರಗಳಲ್ಲಿ ಒಂದು ಮಾತ್ರ ಉಳಿದು ರುವಾನ್ ಊರಿನ ಮ್ಯೂಸಿಯಂನಲ್ಲಿದೆ. ಅದನ್ನು ಎಕ್ಸ್‌ರೇ ಮಾಡಿದಾಗ ಒಳಗೆ ನಿಜವಾದ ಸೊಂಟದ ಮೂಳೆಗಳಿದ್ದವು. ಮುಖ ಇಲ್ಲ, ಕೈಯಿಲ್ಲ. ಕೂಸು ಹಾದು ಬರೋ ಜಾಗ ಮಾತ್ರ ತದ್ವತ್ ಇರಬೇಕು ಅಂತ ಆಕೆಗೆ ಗೊತ್ತಿತ್ತು.

ಇಲ್ಲಿ ಬರೋ ಪದ ಫಿಡೆಲಿಟಿ. ಅಸಲಿಗೆ ಎಷ್ಟು ಹತ್ತಿರ ಅನ್ನೋ ಲೆಕ್ಕ. ಹೊರಗಿನ ರೂಪ ಎಷ್ಟು ಹೋಲುತ್ತೆ ಅನ್ನೋದು ಒಂದು. ‘ಹೀಗೆ ಮಾಡಿದರೆ ಹಾಗಾಗುತ್ತೆ’ ಅನ್ನೋ ತರ್ಕ ಹೋಲುತ್ತಾ ಅನ್ನೋದು ಇನ್ನೊಂದು. ಕಲಿಯೋರ ಎದೆ ನಿಜವಾಗಿ ಹೊಡಕೊಳ್ಳುತ್ತಾ ಅನ್ನೋದು ಮೂರನೆಯದು. ನೋಡೋಕೆ ಅಸಲಿಯ ಥರ ಇದ್ದು ಕಲಿಸೋ ವಿಷಯದಲ್ಲಿ ಕೈಕೊಡೋ ದುಬಾರಿ ಬೊಂಬೆಗಳೂ ಇವೆ, ಬಟ್ಟೆ ತುಂಡಿನಲ್ಲೇ ಕೆಲಸ ಆಗೋ ಪಾಠಗಳೂ ಇವೆ.

*

ಇಪ್ಪತ್ತನೇ ಶತಮಾನದಲ್ಲಿ ಈ ವಿದ್ಯೆಗೆ ಹೊಸ ಪದಗಳು ಬಂದದ್ದು ಆಸ್ಪತ್ರೆಯಿಂದಲ್ಲ, ವಿಮಾನದಿಂದ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಅನ್ನೋನ ಮನೆಯವರದು ಪಿಯಾನೋ, ಆರ್ಗನ್ ತಯಾರಿಸೋ ಕಾರ್ಖಾನೆ. ಲಿಂಕ್‌ಗೆ ವಿಮಾನದ ಹುಚ್ಚು, ಕಲಿಯೋಕೆ ವಿಪರೀತ ಖರ್ಚು. ಆರ್ಗನ್ನಿನೊಳಗಿನ ಗಾಳಿ ತಿದಿಗಳನ್ನೇ ಬಳಸಿ, ನೆಲದ ಮೇಲೆ ನಿಂತೇ ವಾಲುವ, ತಿರುಗುವ ಮರದ ಪುಟ್ಟ ವಿಮಾನವನ್ನು 1929ರಲ್ಲಿ ಕಟ್ಟಿದ. ನಮ್ಮ ನಾಟಕದ ಮೇಷ್ಟ್ರ ಹಾರ್ಮೋನಿಯಂ ತಿದಿ ಇದೆಯಲ್ಲ, ಹೆಚ್ಚುಕಡಿಮೆ ಅದರ ಅಣ್ಣ.

ಮೊದಮೊದಲು ಅದನ್ನು ಕೊಂಡವರಲ್ಲಿ ಮನರಂಜನಾ ಪಾರ್ಕಿನವರೂ ಇದ್ದರು. 1934ರಲ್ಲಿ ಅಮೆರಿಕದ ಸೇನೆ ವಿಮಾನದಲ್ಲಿ ಟಪಾಲು ಸಾಗಿಸೋ ಕೆಲಸ ವಹಿಸಿಕೊಂಡಿತು. ಮೋಡ, ಮಂಜಿನಲ್ಲಿ ಬರೀ ಉಪಕರಣ ನೋಡಿ ಹಾರಿಸಿ ಅಭ್ಯಾಸವಿಲ್ಲದ ಪೈಲಟ್‌ಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಕೆಲವೇ ವಾರಗಳಲ್ಲಿ ಸತ್ತರು. ಆಮೇಲೆ ಸೇನೆ ಲಿಂಕ್‌ನ ಆಟಿಕೆ ಆರು ಕೊಂಡುಕೊಂಡಿತು. ಓದುತ್ತಾ ಹೋದಂತೆ ಇದೇ ವರಸೆ ಮತ್ತೆ ಮತ್ತೆ ಕಂಡಿತು. ತಾಲೀಮಿನ ಮನೆ ಮೊದಲೇ ಇರುತ್ತೆ, ಜನ ಸತ್ತ ಮೇಲೆ ಅದರ ಬಾಗಿಲು ತೆಗೆಯುತ್ತಾರೆ.

ನಮ್ಮ ಕೆಫೆಟೇರಿಯಾದ ಬೊಂಬೆಯ ಕಥೆಯೂ ಒಬ್ಬ ಆಟಿಕೆ ತಯಾರಕನದ್ದೇ. ನಾರ್ವೆಯ ಸ್ಟಾವಾಂಗರ್ ಊರಿನ ಓಸ್ಮುಂಡ್ ಲಾರ್ಡಾಲ್ ಮೆತ್ತನೆ ಪ್ಲಾಸ್ಟಿಕ್‌ನಲ್ಲಿ ಮಕ್ಕಳ ಬೊಂಬೆ ಮಾಡ್ತಿದ್ದವನು. ಅವನ ಪುಟ್ಟ ಮಗ ನೀರಿನಲ್ಲಿ ಮುಳುಗಿ ಕೂದಲೆಳೆಯಲ್ಲಿ ಬದುಕಿದ್ದ. ಅತ್ತ ಬಾಲ್ಟಿಮೋರಿನಲ್ಲಿ ವೈದ್ಯ ಪೀಟರ್ ಸಾಫರ್, ಉಸಿರು ನಿಂತವರಿಗೆ ಬಾಯಿಗೆ ಬಾಯಿಟ್ಟು ಊದೋದು ಕೆಲಸ ಮಾಡುತ್ತೆ ಅಂತ ತೋರಿಸಿದ್ದರು. ಇದನ್ನು ಸಾಮಾನ್ಯ ಜನಕ್ಕೆ ಕಲಿಸೋಕೆ ಬೊಂಬೆ ಬೇಕಾಗಿತ್ತು. ಅದೇ 1960ರಲ್ಲಿ ಬಂದ ರೆಸಸಿ ಆನ್. ಆ ವರ್ಷವೇ ಜಾನ್ಸ್ ಹಾಪ್ಕಿನ್ಸ್‌ನವರು ಎದೆ ಒತ್ತಿ ರಕ್ತ ಹರಿಸಬಹುದು ಅಂತ ಪ್ರಕಟಿಸಿದರು. ಸಾಫರ್ ಸಲಹೆಯಂತೆ ಬೊಂಬೆಯ ಎದೆಯೊಳಗೆ ಸ್ಪ್ರಿಂಗ್ ಬಂತು. ನಾನು ಕೇಳಿದ್ದ ಕ್ಲಿಕ್ಕಿನ ಮೂಲ ಆ ಎದೆಯಲ್ಲೇ ಇದೆ.

ಆ ಮುಖ ಯಾರದ್ದು? ಹತ್ತೊಂಬತ್ತನೇ ಶತಮಾನದ ಕೊನೆಯ ಪ್ಯಾರಿಸ್‌ನಲ್ಲಿ ಒಬ್ಬ ಹುಡುಗಿಯ ಮುಖದ ಅಚ್ಚು ತುಂಬಾ ಜನಪ್ರಿಯವಾಗಿತ್ತು, ಮನೆಗಳ ಗೋಡೆ ಮೇಲೆ ತೂಗುಹಾಕ್ತಿದ್ದರು. ಸೇನ್ ನದಿಯಲ್ಲಿ ಸಿಕ್ಕ ಅನಾಮಿಕ ಹೆಣದ ಮುಖ ಅಂತ ಕಥೆ. ನಿಜ ಅನ್ನೋಕೆ ಆಧಾರವಿಲ್ಲ. ಗಂಡಸಿನ ಬೊಂಬೆಗೆ ಬಾಯಿಡೋಕೆ ಗಂಡಸರು ಹಿಂಜರೀತಾರೆ ಅಂತ ಲಾರ್ಡಾಲ್ ಆ ಮುಖ ಆರಿಸಿಕೊಂಡ. ನಾನು ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ಫೋಟೋ ತೆಗೆಸಿಕೊಂಡದ್ದು ಆ ಮುಖದ ಜೊತೆ.

*

ಬೊಂಬೆಗೆ ನೋವಾಗಲ್ಲ, ಅಳಲ್ಲ, ಸುಳ್ಳು ಹೇಳಲ್ಲ. ರೋಗಿಗಳು ಇದೆಲ್ಲ ಮಾಡ್ತಾರೆ. ಲಾಸ್ ಏಂಜಲೀಸ್‌ನ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ 1963ರಲ್ಲಿ ಒಂದು ಪ್ರಯೋಗ ಮಾಡಿದರು. ಕಲಾವಿದರಿಗೆ ಮಾಡೆಲ್ ಆಗಿ ಕೂರುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ನರರೋಗವೊಂದರ ಲಕ್ಷಣಗಳನ್ನೆಲ್ಲ ಕಲಿಸಿ, ವಿದ್ಯಾರ್ಥಿಗಳ ಮುಂದೆ ರೋಗಿಯಾಗಿ ಕೂರಿಸಿದರು. ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿ ಹೇಗೆ ನಡಕೊಂಡ ಅಂತ ಆಕೆಯೇ ಹೇಳ್ತಿದ್ದಳು. ಮೊದಲು ಇದು ಹಾಲಿವುಡ್ ಆಟ ಅಂತ ಜನ ಮೂಗು ಮುರಿದರು. ಆಮೇಲೆ ಅದೇ ‘ಸ್ಟ್ಯಾಂಡರ್ಡೈಸ್ಡ್ ಪೇಷೆಂಟ್’ ಆಯ್ತು: ಯಾವ ವಿದ್ಯಾರ್ಥಿ ಬಂದರೂ ಅದೇ ಕಥೆಯನ್ನು ಅದೇ ರೀತಿ ಹೇಳೋ ರೋಗಿ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ‘ಓಸ್ಕಿ’ ಪರೀಕ್ಷೆ ರೂಪಿಸಿದರು. ವಿದ್ಯಾರ್ಥಿ ಒಂದರ ಹಿಂದೊಂದು ಮೇಜಿಗೆ ಹೋಗಿ, ಗಡಿಯಾರ ನೋಡಿಕೊಂಡು, ಪ್ರತಿ ಕಡೆ ಒಂದು ಕೆಲಸ ಮಾಡಿ ತೋರಿಸಬೇಕು. ನಮ್ಮ ಮೆಡಿಕಲ್, ನರ್ಸಿಂಗ್ ಮಕ್ಕಳಿಗೂ ಈಗ ಈ ಹೆಸರು ಕೇಳಿದರೆ ಹೊಟ್ಟೆಯಲ್ಲಿ ತಳಮಳ.

ಬ್ಯಾರೋಸ್ ಇದ್ದ ವಿಶ್ವವಿದ್ಯಾಲಯದಲ್ಲೇ 1960ರ ದಶಕದ ಕೊನೆಗೆ ಏಬ್ರಹಾಮ್ಸನ್, ಡೆನ್ಸನ್ ಅನ್ನೋರು ‘ಸಿಮ್ ಒನ್’ ಕಟ್ಟಿಸಿದರು. ಕಂಪ್ಯೂಟರಿಗೆ ಜೋಡಿಸಿದ, ಉಸಿರಾಡುವ, ನಾಡಿ ಮಿಡಿಯುವ, ಕಣ್ಣು ಮಿಟುಕಿಸುವ ಮನುಷ್ಯ. ಅರಿವಳಿಕೆ ವೈದ್ಯರಾಗೋರು ಅದರ ಮೇಲೆ ಬೇಗ ಕಲಿತರು. ಆದರೆ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬೋ ಕಾಲ ಅದು, ಖರ್ಚು ಕಂಡು ಇನ್ನೊಂದನ್ನು ಯಾರೂ ಮಾಡಿಸಲಿಲ್ಲ. ಕಾಲಕ್ಕಿಂತ ಮೊದಲು ರಿಲೀಸ್ ಆದ ಪ್ರಾಡಕ್ಟ್‌ಗಳ ಗತಿ ನಮಗೆ ಹೊಸದಲ್ಲ.

*

ಇಷ್ಟು ಹೊತ್ತಿಗೆ ನನಗೆ ಒಂದು ಅನುಮಾನ ಶುರುವಾಗಿತ್ತು. ಇಷ್ಟೆಲ್ಲ ಕೈ ಪಳಗಿಸೋ ಕಥೆ ಸರಿ. ಆದರೆ ಆ ಛತ್ರದಲ್ಲಿ ನನ್ನ ಕೈ ಮರೆತಿರಲಿಲ್ಲ. ಎಲ್ಲಿ ಒತ್ತಬೇಕು, ಹೇಗೆ ಒತ್ತಬೇಕು ನೆನಪಿತ್ತು. ಹಾಗಾದರೆ ನಿಲ್ಲಿಸಿದ್ದು ಯಾಕೆ?

ಉತ್ತರ ಮತ್ತೆ ವಿಮಾನದ ಕಡೆಯಿಂದಲೇ ಬಂತು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಪ್ಪಣೆ ಸಿಗುವ ಮೊದಲೇ ವಿಮಾನ ಓಡಿಸಿದ ಕ್ಯಾಪ್ಟನ್ ಆ ಕಂಪನಿಯ ಅತಿ ಹಿರಿಯರಲ್ಲೊಬ್ಬ. ಮುಂದಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಅಂತ ಅವನ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು, ಕೇಳಿದ ಕೂಡ. ಕ್ಯಾಪ್ಟನ್ ತಳ್ಳಿಹಾಕಿದ. ಎಂಜಿನಿಯರ್ ಸುಮ್ಮನಾದ. ಇಂಥ ಅಪಘಾತಗಳನ್ನು ಮುಂದಿಟ್ಟುಕೊಂಡು 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಪೈಲಟ್‌ಗಳಿಗೆ ಹಾರಿಸೋದು ಗೊತ್ತು, ಒಬ್ಬರಿಗೊಬ್ಬರು ಮಾತಾಡೋದು ಗೊತ್ತಿಲ್ಲ ಅನ್ನೋದು ಅಲ್ಲಿ ಎದ್ದು ಕಂಡ ವಿಷಯ. ಅಲ್ಲಿಂದ ಹುಟ್ಟಿದ ತರಬೇತಿಗೆ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಅಂತ ಹೆಸರು. ಸ್ಟ್ಯಾನ್‌ಫರ್ಡಿನ ಅರಿವಳಿಕೆ ವೈದ್ಯ ಡೇವಿಡ್ ಗಾಬಾ 1980ರ ದಶಕದಲ್ಲಿ ಬೊಂಬೆ ಮಲಗಿಸಿ ಇಡೀ ಆಪರೇಷನ್ ಥಿಯೇಟರನ್ನೇ ತಾಲೀಮಿಗೆ ತಂದರು, ಆಮೇಲೆ ಈ ತರಬೇತಿಯನ್ನೂ ಅಲ್ಲಿಗೆ ಹೊಂದಿಸಿದರು. ವೈದ್ಯಕೀಯ ಸಿಮ್ಯುಲೇಶನ್ ಒಬ್ಬನ ಕೈಯಿಂದ ಇಡೀ ತಂಡದ ಬಾಯಿಗೆ ದಾಟಿದ್ದು ಅಲ್ಲಿಂದ.

ಅದು ಸಾಲದಾಗಿತ್ತು ಅನ್ನೋದಕ್ಕೆ 2005ರ ಇಂಗ್ಲೆಂಡಿನ ಒಂದು ಸಾವು ಸಾಕ್ಷಿ. ಎಲೇನ್ ಬ್ರೊಮಿಲಿ, 37 ವರ್ಷ, ಎರಡು ಮಕ್ಕಳ ತಾಯಿ, ಸೈನಸ್‌ನ ಮಾಮೂಲಿ ಆಪರೇಷನ್. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವಿ ವೈದ್ಯರು ಗಂಟಲಿಗೆ ಕೊಳವೆ ತೂರಿಸೋಕೆ ಮತ್ತೆ ಮತ್ತೆ ಪ್ರಯತ್ನಿಸಿದರು. ಕತ್ತಿನಲ್ಲಿ ರಂಧ್ರ ಮಾಡಬೇಕಾದ ಸ್ಥಿತಿ ಅಂತ ಒಬ್ಬ ನರ್ಸ್‌ಗೆ ಹೊಳೆದು, ಅದರ ಸೆಟ್ ತಂದು ಇಲ್ಲಿದೆ ಅಂತ ಹೇಳಿದಳು. ಇನ್ನೊಬ್ಬಳು ಐಸಿಯುಗೆ ಫೋನ್ ಮಾಡಿ ಹಾಸಿಗೆ ಕೇಳಿದಳು. ವೈದ್ಯರು ಅದಕ್ಕೆ ಗಮನ ಕೊಡಲಿಲ್ಲ, ಇವರಿಗೆ ದನಿ ಎತ್ತಿ ಹೇಳೋ ಧೈರ್ಯ ಬರಲಿಲ್ಲ. ಎಲೇನ್‌ಗೆ ಎಚ್ಚರ ಬರಲೇ ಇಲ್ಲ. ಆಕೆಯ ಗಂಡ ಮಾರ್ಟಿನ್ ಬ್ರೊಮಿಲಿ ವೃತ್ತಿಯಲ್ಲಿ ಪೈಲಟ್. ವಿಮಾನ ಬಿದ್ದರೆ ತನಿಖೆ ಮಾಡ್ತೀವಲ್ಲ, ಇದಕ್ಕೂ ಮಾಡಿ ಅಂತ ಪಟ್ಟು ಹಿಡಿದ. ಯಾರನ್ನೂ ಜೈಲಿಗೆ ಹಾಕಿಸೋದು ಅವನಿಗೆ ಬೇಕಿರಲಿಲ್ಲ. ವರದಿ ಬಂದ ಮೇಲೆ ಬೇರೆಯವರು ಇದರಿಂದ ಕಲೀಲಿ ಅಂತ ಆ ಕಥೆಯನ್ನು ತಾನೇ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಹೇಳಿದ.

ಆ ಇಬ್ಬರು ನರ್ಸ್‌ಗಳ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ.

*

"ಬಾ, ಕೂತು ಡೀಬ್ರೀಫ್ ಮಾಡೋಣ" ಅಂದಳು.

ಡೀಬ್ರೀಫಿಂಗ್ ಅನ್ನೋದು ಸೇನೆಯಿಂದ ಬಂದ ಪದ, ಕಾರ್ಯಾಚರಣೆ ಮುಗಿಸಿ ಬಂದವರನ್ನು ಕೂರಿಸಿ ನಡೆದದ್ದನ್ನು ಕೇಳೋದು. ಸಿಮ್ಯುಲೇಶನ್‌ನವರು ಕಲಿಕೆಯ ಬಹುಪಾಲು ನಡೆಯೋದು ಇಲ್ಲೇ ಅಂತಾರೆ. ಬೊಂಬೆ ಜೊತೆ ಹತ್ತು ನಿಮಿಷ ಕಳೆದರೆ ಮಾತಿಗೆ ಇಪ್ಪತ್ತು, ಮೂವತ್ತು ನಿಮಿಷ. ಮೊದಲು ಹೇಗನ್ನಿಸ್ತು, ಆಮೇಲೆ ಏನು ನಡೀತು, ಯಾಕೆ ಹಾಗೆ ನಡೀತು, ಕೊನೆಗೆ ಮುಂದಿನ ಸಲಕ್ಕೆ ಏನು. ಬಾಸ್ಟನ್ನಿನ ಒಂದು ಸಿಮ್ಯುಲೇಶನ್ ಕೇಂದ್ರದವರು ರೂಢಿಗೆ ತಂದ ಒಂದು ನಿಯಮವಿದೆ: ಇಲ್ಲಿ ಕೂತವರೆಲ್ಲ ಬುದ್ಧಿವಂತರು, ಒಳ್ಳೆ ಕೆಲಸ ಮಾಡಬೇಕು ಅಂತಲೇ ಬಂದವರು ಅಂತ ಮೊದಲೇ ಒಪ್ಪಿಕೊಂಡು ಮಾತು ಶುರು ಮಾಡಬೇಕು. ಇದನ್ನು ತಾಲೀಮಿಗೆ ಮುಂಚೆಯೇ ಎಲ್ಲರಿಗೂ ಹೇಳೋದು ಪ್ರೀಬ್ರೀಫಿಂಗ್. ತಪ್ಪು ಮಾಡಿದರೆ, ಪ್ರಶ್ನೆ ಕೇಳಿದರೆ ಮರ್ಯಾದೆ ಹೋಗಲ್ಲ ಅನ್ನೋ ನಂಬಿಕೆಗೆ ಸೈಕಲಾಜಿಕಲ್ ಸೇಫ್ಟಿ ಅಂತಾರೆ. ನಮ್ಮ ಕಡೆ ಸರ್ವರ್ ಬಿದ್ದಾಗ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಂ ಅಂತ ಮೀಟಿಂಗ್ ಇಟ್ಟು ಬ್ಲೇಮನ್ನಷ್ಟೇ ಹಂಚಿಕೊಳ್ತೀವಲ್ಲ, ಅದು ಹೇಗಿರಬೇಕಿತ್ತು ಅಂತ ಗೊತ್ತಾಗಬೇಕಾದರೆ ಅಕ್ಕನ ಮುಂದೆ ಕೂರಬೇಕು.

ನಾನು ಎಲ್ಲ ಹೇಳಿದೆ. ಅಕ್ಕ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಒಂದೇ ಕೇಳಿದಳು: "ಕೈ ತೆಗೆದೆಯಲ್ಲ, ಆಗ ನಿನ್ನ ತಲೇಲಿ ಏನಿತ್ತು?"

ಬಹಳ ಹೊತ್ತಾಯ್ತು ಹೇಳೋಕೆ. "ಮಾವ ಹೇಳಿದ್ರಲ್ಲಕ್ಕ. ಎಲ್ಲಾರೂ ನೋಡ್ತಿದ್ರು. ನಾನೇ ಏನೋ ಮಾಡಿ ಸಾಯಿಸಿಬಿಟ್ಟ ಅಂದ್ಬಿಟ್ರೆ ಅಂತ ಹೆದರಿದೆ."

"ಹಂಗಾದ್ರೆ ನಿಂಗೆ ಒತ್ತೋದು ಗೊತ್ತಿತ್ತು. ಒತ್ತಬೇಡ ಅಂದಾಗ ಏನು ಮಾಡೋದು ಅಂತ ಗೊತ್ತಿರಲಿಲ್ಲ. ಅದನ್ನ ಯಾರೂ ನಿಂಗೆ ಕಲಿಸಿಲ್ಲ ಕಣೋ. ಏಳು."

ಮಂಚದ ಮೇಲಿನ ಬೊಂಬೆಯನ್ನು ನೆಲಕ್ಕಿಳಿಸಿ ಒತ್ತು ಅಂದಳು. ಒತ್ತುತ್ತಿದ್ದೆ. ಇದ್ದಕ್ಕಿದ್ದಂತೆ ಹಿಂದಿನಿಂದ "ಏಯ್, ಒತ್ತಬೇಡ ಕಣೋ, ಮೂಳೆ ಮುರಿದೋಯ್ತದೆ!" ಅಂತ ಕಿರುಚಿದಳು. ಥೇಟ್ ಮಾವನ ದನಿ. ಬರೀ ಪ್ಲಾಸ್ಟಿಕ್ ಅಂತ ಗೊತ್ತಿದ್ದೂ ನನ್ನ ಕೈ ನಿಂತುಬಿಟ್ಟಿತು.

ಹೀಗೆ ಕಥೆಯೊಳಗೆ ಬೇಕಂತಲೇ ಸೇರಿಸೋ ಪಾತ್ರಧಾರಿಗೆ ಕಾನ್ಫೆಡರೇಟ್ ಅಂತಾರಂತೆ. ಅಳೋ ಸಂಬಂಧಿಕ, ಅಡ್ಡ ಬರೋ ಸೀನಿಯರ್, ಗಡಿಬಿಡಿಯ ಸಹಾಯಕ. ಎರಡನೇ ಸಲ ಅಕ್ಕ ಕಿರುಚಿದಾಗ ಒತ್ತುತ್ತಲೇ "108ಕ್ಕೆ ಫೋನ್ ಮಾಡಿ ಮಾವ" ಅಂದೆ. ದನಿ ನಡುಗಿತು. ಮೂರನೇ ಸಲ ನಡುಗಲಿಲ್ಲ. ಮಾವನಿಗೆ ಒಂದು ಕೆಲಸ ಕೊಡಬೇಕು, ಅಡ್ಡ ಬರೋ ಎಷ್ಟೋ ಜನ ಏನು ಮಾಡಬೇಕು ಅಂತ ತೋಚದೆ ಅಡ್ಡ ಬರ್ತಾರೆ ಅಂತ ಅಕ್ಕ ಅಂದಳು. ಕೆಫೆಟೇರಿಯಾದ ತರಬೇತಿಯಲ್ಲಿ ಇಲ್ಲದೇ ಇದ್ದದ್ದು ಇದು. ಅಲ್ಲಿ ಬೊಂಬೆ ಇತ್ತು, ಮಾವ ಇರಲಿಲ್ಲ. ಒತ್ತಿದ ಮೇಲೆ ಕೂತು ಮಾತಾಡೋರೂ ಇರಲಿಲ್ಲ.

*

ಇದೆಲ್ಲ ದೊಡ್ಡ ದುಡ್ಡಿನವರ ಆಟ ಅಂದುಕೊಳ್ಳಬೇಡಿ. ನಂಬರ್ ತೋರಿಸಿದರೆ ಮಾತ್ರ ನಂಬೋ ಜಾತಿ ನಮ್ಮದು, ಅದಕ್ಕೆ ನಮ್ಮ ಬೆಳಗಾವಿಯದೇ ಲೆಕ್ಕ ಕೊಡ್ತೀನಿ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ಮತ್ತು ಇತರರು ಸೇರಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಅನ್ನೋ ತರಬೇತಿ ರೂಪಿಸಿದ್ದರು. ಸಾಮಾನು ಅಂದರೆ ಒಂದು ಕೂಸಿನ ಬೊಂಬೆ. ನೀರು ತುಂಬಿದರೆ ನಿಜವಾದ ಕೂಸಿನ ಹಾಗೆ ತೂಗುತ್ತೆ, ರಬ್ಬರ್ ಬುರುಡೆ ಹಿಸುಕಿದರೆ ಉಸಿರಾಡುತ್ತೆ. ಹುಟ್ಟಿ ಒಂದು ನಿಮಿಷದೊಳಗೆ ಉಸಿರು ಬರಬೇಕು, ಇಲ್ಲವಾದರೆ ಊದಬೇಕು ಅನ್ನೋದು ಪಾಠ. ಬೆಳಗಾವಿ ಜಿಲ್ಲೆಯಲ್ಲಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೂ ಸೇರಿದಂತೆ, ಹೆರಿಗೆ ಮಾಡಿಸೋ 599 ಜನರಿಗೆ ಇದನ್ನು ಕಲಿಸಿದರು.

2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತರಬೇತಿಗೆ ಮುಂಚೆ ಹೆರಿಗೆಗಳಲ್ಲಿ ಶೇ. 3.0ರಷ್ಟು ಕೂಸುಗಳು ಸತ್ತೇ ಹುಟ್ಟಿದವು ಅಂತ ದಾಖಲಾಗುತ್ತಿದ್ದವು. ಆಮೇಲೆ ಅದು ಶೇ. 2.3ಕ್ಕೆ ಇಳಿಯಿತು. ಹೆರಿಗೆಯ ಹೊತ್ತಿಗೇ ಸತ್ತವು ಅನ್ನೋ ಲೆಕ್ಕ ಶೇ. 1.7ರಿಂದ 0.9ಕ್ಕೆ ಬಂತು. ಹುಟ್ಟಿದ ಮೇಲಿನ ದಿನಗಳ ಸಾವು ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ಆದರೆ ಆ ಇಳಿದ ಅಂಕಿಯ ಹಿಂದೆ ಇರೋದನ್ನು ಯೋಚಿಸಿ. ಉಸಿರು ಕಾಣದೆ ಸತ್ತಿದೆ ಅಂತ ಪಕ್ಕಕ್ಕಿಡುತ್ತಿದ್ದ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ. ಫ್ರಾನ್ಸಿನ ಬಟ್ಟೆಯ ಕೂಸು ಹೊರಟಿದ್ದ ದಾರಿ ಎರಡೂವರೆ ಶತಮಾನದ ಮೇಲೆ ಬೆಳಗಾವಿಯ ನೀರಿನ ಕೂಸಿನ ತನಕ ಬಂದಿತ್ತು. ಈಗಂತೂ 2019ರಿಂದ ಜಾರಿಯಾದ ಹೊಸ ಪಠ್ಯಕ್ರಮದಿಂದಾಗಿ ನಮ್ಮ ಮೆಡಿಕಲ್ ಕಾಲೇಜುಗಳಲ್ಲೂ ಸ್ಕಿಲ್ ಲ್ಯಾಬ್ ಇರಬೇಕು. ಬೊಂಬೆ ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಪ್ರಯೋಜನವಿಲ್ಲ ಅಷ್ಟೆ.

ಹೋದ ದಸರೆಗೆ ಅಕ್ಕ ಊರಿಗೆ ಬರುವಾಗ ಒಂದು ಬೊಂಬೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತಂದಿದ್ದಳು. ಶಾಲೆ ಜಗಲಿ ಮೇಲೆ ಮಲಗಿಸಿ, ಹುಡುಗರು, ಹೆಂಗಸರು ಸರದಿಯಲ್ಲಿ ಒತ್ತಿದರು. ಎದೆಯ ನಟ್ಟನಡುವೆ, ಎರಡಿಂಚಿನಷ್ಟು ಆಳ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಆಂಬುಲೆನ್ಸ್ ಬರೋ ತನಕ. ನಾನು ಅಡ್ಡ ಬರೋ ಸಂಬಂಧಿಕನ ಪಾತ್ರ ಮಾಡಿದೆ. ದೊಡ್ಡ ಮಾವನೂ ಬಂದು ಕಂಬಕ್ಕೊರಗಿ ನಿಂತಿದ್ದರು. ಎಲ್ಲ ಮುಗಿಯುವ ಹೊತ್ತಿಗೆ ಕೇಳಿದರು: "ಇಷ್ಟು ಜೋರಾಗಿ ಒತ್ತಿದ್ರೆ ಮೂಳೆ ಮುರಿಯಾಕಿಲ್ವೇನವ್ವ?"

"ಮುರೀಬಹುದು ಮಾವ. ಮುರಿದ ಮೂಳೆ ಕೂಡ್ಕೊಳ್ಳುತ್ತೆ" ಅಂದಳು ಅಕ್ಕ.

ಮಾವ ಏನೂ ಹೇಳಲಿಲ್ಲ. ನನ್ನ ಕಡೆ ಒಂದು ಸಲ ನೋಡಿ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಮನೆ ಕಡೆ ನಡೆದರು. ಅವರೂ ಎರಡು ವರ್ಷದಿಂದ ಅದನ್ನೇ ಯೋಚಿಸುತ್ತಿದ್ದರೇನೋ ಅಂತ ನನಗೆ ಹೊಳೆದದ್ದು ಆಗಲೇ. ಮುಂದಿನ ಸಲ ಊರಿಗೆ ಹೋದಾಗ ಅವರ ಜೊತೆಗೂ ಕೂತು ಮಾತಾಡಬೇಕು.

ನಿಮ್ಮ ಆಫೀಸಿಗೂ ಒಂದು ದಿನ ಆ ಬೊಂಬೆ ಬರುತ್ತೆ. ಫೋಟೋ ಬೇಕಾದರೆ ತೆಗೆಸಿಕೊಳ್ಳಿ. ಆದರೆ ಅರ್ಧ ನಿಮಿಷಕ್ಕೆ ಎದ್ದುಬಿಡಬೇಡಿ, ಕೈ ಸೋಲುವ ತನಕ ಒತ್ತಿ. ಜೊತೆಯಲ್ಲಿರೋ ಗೆಳೆಯನಿಗೆ ಹಿಂದೆ ನಿಂತು ‘ಒತ್ತಬೇಡ’ ಅಂತ ಕಿರುಚೋಕೆ ಹೇಳಿ.